ಬೇಡವೆಂದರೂ ಬರುವ ವಿಳಾಸ

ವರ್ಚುವಲ್ ಮಷಿನ್‌ಗಳಿಗೆಂದು (ಒಂದೇ ಸರ್ವರಿನೊಳಗೆ ಬೇರೆ ಬೇರೆ ಯಂತ್ರಗಳಂತೆ ನಡೆಯುವವು) ಲಿನಕ್ಸ್ ಸರ್ವರಿನಲ್ಲಿ ಬ್ರಿಡ್ಜ್, ಅಂದರೆ ಅವನ್ನು ಜಾಲಕ್ಕೆ ಜೋಡಿಸುವ ಸೇತುವೆ, ಕಟ್ಟಿದವರಿಗೆ ಈ ಪ್ರಸಂಗ ಹೊಸದಲ್ಲ. ಈ ಜಾಲದ ವಿಳಾಸ ಹೀಗಿದೆ ಎಂದು ಸಾರುವ ರೌಟರಿನ ಪ್ರಕಟಣೆ ಕಿವಿಗೆ ಬಿದ್ದದ್ದೇ ತಡ, ಬ್ರಿಡ್ಜ್ ತಾನಾಗಿಯೇ ಒಂದು ಐಪಿವಿ6 (ಅಂತರ್ಜಾಲದ ಹೊಸ ಪೀಳಿಗೆಯ) ವಿಳಾಸವನ್ನು ಹೊಂದಿಸಿಕೊಂಡು, ಆಡಳಿತದ ಜಾಲದಲ್ಲಷ್ಟೇ ಕಾಣಬೇಕಿದ್ದ ಸರ್ವರನ್ನು ಅದರೊಳಗಿನ ಬಾಡಿಗೆದಾರ ಮಷಿನ್‌ಗಳ ಜಾಲಕ್ಕೂ ಪರಿಚಯಿಸಿಬಿಡುತ್ತದೆ. ಯಾರೂ ಕೇಳದೆಯೇ ನಡೆಯುವ ಈ ಸೇವೆಗೆ 1996ರಷ್ಟು ಹಿಂದೆಯೇ ನಿಯಮಾವಳಿ ಸಿದ್ಧವಾಗಿತ್ತು.

ಇದನ್ನು ತಡೆಯಲು ಲಿನಕ್ಸಿನ ತಿರುಳಾದ ಕರ್ನಲ್ ಕರುಣಿಸಿರುವ ಏರ್ಪಾಡನ್ನು ಎಷ್ಟು ಹೊಗಳಿದರೂ ಸಾಲದು. ಪ್ರತಿ ಇಂಟರ್‌ಫೇಸಿಗೂ (ಯಂತ್ರವು ಜಾಲಕ್ಕೆ ತೆರೆದುಕೊಳ್ಳುವ ಬಾಗಿಲು) ಪ್ರತ್ಯೇಕ ಸೆಟ್ಟಿಂಗುಗಳಿವೆ. ಅವೆಲ್ಲಕ್ಕೂ ಮೇಲಧಿಕಾರಿಯಂತೆ ‘ಆಲ್’ ಎಂಬುದೊಂದು ಕೂತಿದೆ. ಅಲ್ಲಿ ‘ಡಿಸೇಬಲ್ ಐಪಿವಿ6’ ಎಂದು ಬರೆದರೆ ಎಲ್ಲ ಇಂಟರ್‌ಫೇಸುಗಳೂ ತಲೆಬಾಗುತ್ತವೆ, ಫಾರ್ವರ್ಡಿಂಗ್ (ಬಂದ ದತ್ತಾಂಶವನ್ನು ಬೇರೆ ಜಾಲಕ್ಕೆ ದಾಟಿಸುವುದು) ಎಂದರೂ ಹಾಗೆಯೇ. ಆದರೆ ರೌಟರಿನ ಪ್ರಕಟಣೆ ಸ್ವೀಕರಿಸಬೇಡಿರೆಂದು ‘ಆಕ್ಸೆಪ್ಟ್ ಆರ್‌ಎ’ಗೆ ಸೊನ್ನೆ ಬರೆದರೆ ಒಂದೇ ಒಂದು ಇಂಟರ್‌ಫೇಸೂ ಕದಲುವುದಿಲ್ಲ. ಇಲಾಖೆಯ ಸುತ್ತೋಲೆಯಂತೆ ಆದೇಶ ಫಲಕದ ಮೇಲೆ ಅಂಟಿರುತ್ತದೆ, ಮತ್ತೆ ಓದಿ ನೋಡಿದರೆ ಸೊನ್ನೆಯೇ ಕಾಣುತ್ತದೆ. ಮುಂದೆ ಹುಟ್ಟಲಿರುವ ಇಂಟರ್‌ಫೇಸುಗಳಿಗೆ ‘ಡಿಫಾಲ್ಟ್’ನಲ್ಲಿ ಬರೆಯಬೇಕು, ಈಗಾಗಲೇ ಹುಟ್ಟಿದವನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯಬೇಕು.

ಹೆಸರು ಹಿಡಿದು ಕರೆಯುವುದೂ ಸುಲಭವಲ್ಲ. ಎತ್0.10 ಎಂಬ ವಿಲ್ಯಾನ್ (ಒಂದೇ ತಂತಿಯಲ್ಲಿ ಬೇರ್ಪಡಿಸಿದ ಜಾಲದ) ಇಂಟರ್‌ಫೇಸಿನ ಹೆಸರಿನಲ್ಲೇ ಚುಕ್ಕಿಯಿದೆ, ಈ ಸೆಟ್ಟಿಂಗುಗಳನ್ನು ಬರೆಯುವ ಸಿಸ್‌ಕಂಟ್ರೋಲ್ ಆದೇಶದಲ್ಲಿ ಪದಗಳನ್ನು ಬೇರ್ಪಡಿಸುವುದೂ ಚುಕ್ಕಿಯೇ. ಆದ್ದರಿಂದ ಹೆಸರಿನ ಚುಕ್ಕಿಯನ್ನು ಓರೆಗೆರೆಯಾಗಿ ಬರೆಯಬೇಕಂತೆ. ಹೆತ್ತವರಿಟ್ಟ ಹೆಸರನ್ನು ಅರ್ಜಿಯ ನಮೂನೆಗೆ ತಕ್ಕಂತೆ ತಿದ್ದಿ ಕೊಡಿ ಎನ್ನುವ ಈ ವಿನಯವನ್ನು ಮೆಚ್ಚಲೇಬೇಕು.

ವಿಳಾಸ ಬೇಕೆನ್ನುವವನ ಪಾಡೂ ಭಿನ್ನವಲ್ಲ. ಯಾವುದೋ ತಂತ್ರಾಂಶ ಎಲ್ಲೆಡೆ ಫಾರ್ವರ್ಡಿಂಗ್ ಚಾಲೂ ಮಾಡಿದರೆ, ಈ ಯಂತ್ರ ಇನ್ನು ರೌಟರೇ ಎಂದು ತೀರ್ಮಾನಿಸುವ ಕರ್ನಲ್, ಪ್ರಕಟಣೆಗಳಿಂದ ಕಲಿತಿದ್ದ ಡಿಫಾಲ್ಟ್ ರೂಟನ್ನು (ಹೊರಜಾಲಕ್ಕೆ ಹೋಗುವ ಮಾಮೂಲು ದಾರಿ) ಅಳಿಸಿಹಾಕುತ್ತದೆ. ಆಗಲೂ ಪ್ರಕಟಣೆ ಬೇಕೆಂದರೆ ‘ಆಕ್ಸೆಪ್ಟ್ ಆರ್‌ಎ’ಗೆ ಒಂದರ ಬದಲು ಎರಡು ಬರೆಯಬೇಕು. ಹೌದು ಎನ್ನುವುದಕ್ಕೆ ಒಂದು, ನಿಜವಾಗಿಯೂ ಹೌದು ಎನ್ನುವುದಕ್ಕೆ ಎರಡು!

ನಗು ಇಲ್ಲಿಗೆ ಸಾಕು. ಪಾಲನೆಯಾಗದ ಆದೇಶವನ್ನು ಸದ್ದಿಲ್ಲದೆ ಸ್ವೀಕರಿಸುವುದು ಜಾಣತನವಲ್ಲ, ಉಡಾಫೆ. ‘ಇದರಿಂದ ಏನೂ ಆಗದು’ ಎಂಬ ಒಂದು ಸಾಲಿನ ಎಚ್ಚರಿಕೆ ಕೊಟ್ಟಿದ್ದರೆ ಎಷ್ಟೋ ಮಂದಿಗೆ ರಾತ್ರಿ ನಿದ್ದೆಯಾದರೂ ದಕ್ಕುತ್ತಿತ್ತು.

ಇಷ್ಟೆಲ್ಲ ಕಲಿತು ಸೊನ್ನೆಯನ್ನು ಸರಿಯಾದ ಜಾಗದಲ್ಲೇ ಬರೆದ ಬಳಿಕವೂ ವಿಳಾಸ ಬಂದರೆ, ಜಾಲದ ಸೆಟ್ಟಿಂಗುಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ನೆಟ್‌ವರ್ಕ್‌ಡಿ ಎಂಬ ತಂತ್ರಾಂಶ ಇದೆಯೇ ಎಂದು ನೋಡಿರಿ. ಅದು ಕರ್ನಲ್ಲಿನ ಕಿವಿ ಮುಚ್ಚಿಸಿ ಪ್ರಕಟಣೆಗಳನ್ನು ತಾನೇ ಆಲಿಸುತ್ತದೆ. ಅದಕ್ಕೆ ‘ಬೇಡ’ ಎನ್ನಲು ಬೇರೆಯೇ ಕಡತವಿದೆ.