ಮೂರೋ ಎಂಟೋ

ಅಪ್ಪನ ಜಾವಾ ಬೈಕಿನ ಇಂಜಿನ್ ನಂಬರಿನಲ್ಲಿ ಕೊನೆಯ ಅಂಕಿ ಮೂರೋ, ಎಂಟೋ? ಇಷ್ಟು ಗೊತ್ತಾಗದೆ ಈ ತಿಂಗಳು ನನ್ನ ಮೂರು ರಜೆ ಹಾಳಾಯಿತು. ರಜೆ ಮಾತ್ರ ಮೂರೇ, ಅದರಲ್ಲಿ ಅನುಮಾನವಿಲ್ಲ.

ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್ ಅಂತ ಒಂದು ಜಾತ್ರೆ ಇದೆಯಲ್ಲ, ನಿಮಗೂ ಗೊತ್ತಿರುತ್ತದೆ. ನಮ್ಮದು 1968ರ ಗಾಡಿ. ನಂಬರ್ ಪ್ಲೇಟ್ ಎಂವೈ, ಅಂದರೆ ಮೈಸೂರು ರಾಜ್ಯ, ಅಂತ ಶುರುವಾಗುತ್ತದೆ; ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದೇ 1973ರಲ್ಲಿ. ಆರ್‌ಸಿ ಪುಸ್ತಕ ಮಡಿಸಿ ಮಡಿಸಿ, ಮಡಿಕೆ ಸರಿಯಾಗಿ ಆ ಅಂಕಿಯ ಮೇಲೇ ಹರಿದಿದೆ. ಆರ್‌ಟಿಒ ಆಫೀಸಿನ ಕಂಪ್ಯೂಟರಿನಲ್ಲಿ ಎಂಟು, ಪುಸ್ತಕದಲ್ಲಿ ಮೂರರ ಹಾಗೆ. "ಇಂಜಿನ್ನಿಂದ ಪೆನ್ಸಿಲ್ ಪ್ರಿಂಟ್ ತಗೊಂಡು ಬನ್ನಿ" ಎಂದರು ಅಲ್ಲಿಯವರು. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಅದೇ. ಆಗ ದುಡ್ಡು ಕೊಡಬೇಕಿರಲಿಲ್ಲ ಅಷ್ಟೇ.

ಹೋದೆ ನಮ್ಮ ಮೆಕ್ಯಾನಿಕ್ ಹತ್ತಿರ. ಇವರು ಕನ್ನಡಕದವರು. ಆದರೆ ಏನಾದರೂ ಓದಬೇಕಾದ ತಕ್ಷಣ ಕನ್ನಡಕವನ್ನು ಹಣೆಗೆ ಏರಿಸಿಬಿಡುತ್ತಾರೆ. ಓದುವುದು ಮುಗಿದ ಮೇಲೆ ಕಣ್ಣಿಗೆ ಇಳಿಸಿ, ನನ್ನ ಮುಖ ನೋಡುತ್ತಾರೆ. ಸೀಮೆಎಣ್ಣೆ ಹಾಕಿ ಜಿಡ್ಡು ತೆಗೆದರು. ಹಲ್ಲುಜ್ಜುವ ಪುಡಿ ಹಚ್ಚಿದರು, ಅಂಕಿ ಬಿಳಿಯಾಗಿ ಎದ್ದು ಕಾಣಲಿ ಅಂತ. ಕನ್ನಡಕ ಮೇಲೆ. "ಎಂಟು." ಕನ್ನಡಕ ಕೆಳಗೆ. "ಗ್ಯಾರಂಟಿನಾ?" ಎಂದೆ. ಕನ್ನಡಕ ಮೇಲೆ. ಕಣ್ಣು ಮುಚ್ಚಿ ಬೆರಳಾಡಿಸಿದರು. "ಮೂರು." ಮತ್ತೆ ಕೆಳಗೆ. "ಒಂದು ಸಲ ಕನ್ನಡಕ ಹಾಕ್ಕೊಂಡೇ ನೋಡಿ ಸಾರ್" ಎಂದಿದ್ದಕ್ಕೆ ಅವರಿಗೆ ಸಿಟ್ಟೇ ಬಂತು. "ನಾನು ಫ್ಯಾಕ್ಟರಿಯಲ್ಲಿ ಇದ್ದವನು ಸ್ವಾಮಿ!"

ಫ್ಯಾಕ್ಟರಿ ಅಂದರೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ. 1961ರಿಂದ 1996ರವರೆಗೆ ನಡೆಯಿತು. ಮೈಸೂರಿನವರನ್ನು ಯಾರನ್ನೇ ಕೇಳಿ, ಅವರಲ್ಲದಿದ್ದರೆ ಅವರ ಚಿಕ್ಕಪ್ಪ, ಚಿಕ್ಕಪ್ಪ ಅಲ್ಲದಿದ್ದರೆ ಷಡ್ಡಕ ಅಲ್ಲಿ ಕೆಲಸ ಮಾಡಿರುತ್ತಾನೆ. ನಮ್ಮ ಮೆಕ್ಯಾನಿಕ್ ಮೊದಲ ವಾರ ಕೇಳಿದಾಗ ಪೇಂಟ್ ಸೆಕ್ಷನ್‌ನಲ್ಲಿದ್ದರು. ಎರಡನೇ ವಾರ ಗೇರ್‌ಬಾಕ್ಸ್‌ಗೆ ಬಂದರು. ಈಗ ಕೇಳಿದರೆ, ನಂಬರ್ ಪಂಚ್ ಹೊಡೆಯುತ್ತಿದ್ದವರೇ ಇವರಂತೆ! ಹಾಗಿದ್ದರೆ ಇದು ನಿಮ್ಮದೇ ಅಕ್ಷರ ಅಲ್ವಾ ಎಂದೆ. ಕನ್ನಡಕ ಮೇಲೆ ಹೋಯಿತು. ಉತ್ತರ ಬರಲಿಲ್ಲ.

ಅಂತೂ ಪ್ರಿಂಟ್ ತಗೊಂಡು ಹೋದೆ. ಇನ್‌ಸ್ಪೆಕ್ಟರ್ ಗಾಡಿ ಸ್ಟಾರ್ಟ್ ಮಾಡಿ ನೋಡುತ್ತೇನೆಂದರು. ಹುಡುಗ, ಪಾಪ. ಬಲಗಡೆ ಬಗ್ಗಿ ಕಿಕ್ಕರ್ ಹುಡುಕಿದರು, ಇಲ್ಲ. ಜಾವಾದಲ್ಲಿ ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಅವರ ಮುಖ ನೋಡಿ ನನಗೆ ಒಂದು ನಿಮಿಷ ಬಹಳ ಖುಷಿಯಾಯಿತು. ಆ ಖುಷಿ ಮುಖದಲ್ಲಿ ಕಂಡಿರಬೇಕು. "ಪ್ರಿಂಟ್ ಸರಿಯಾಗಿ ಬಂದಿಲ್ಲ, ಮಂಗಳವಾರ ಬನ್ನಿ" ಎಂದರು.

ಮನೆಗೆ ಬಂದು ಬೀರು ಜಾಲಾಡಿದಾಗ ಅಪ್ಪನ ಪಾಕೆಟ್ ಡೈರಿ ಸಿಕ್ಕಿತು. ಮೊದಲ ಪುಟದಲ್ಲೇ ಇಂಜಿನ್ ನಂಬರ್! ಕೈ ನಡುಗಿತು. ಅಪ್ಪ ಮೂರು ಬರೆದರೆ ಎರಡೂ ಹೊಟ್ಟೆ ಮುಚ್ಚಿಕೊಳ್ಳುತ್ತಿದ್ದವು, ಎಂಟು ಬರೆದರೆ ಬಾಯಿ ಬಿಡುತ್ತಿತ್ತು. ಇದು ಯಾವುದು, ದೇವರೇ ಬಲ್ಲ.

ಅಮ್ಮನಿಗೆ ತೋರಿಸಿದೆ. ಅವರು ನಂಬರ್ ನೋಡಲೇ ಇಲ್ಲ. ಕೆಳಗೆ "ಪೆಟ್ರೋಲ್ 3 ಲೀಟರ್, ಆಯಿಲ್, ನಂಜನಗೂಡು" ಅಂತ ಇತ್ತು. ಬೆರಳಿಟ್ಟು ಓದಿ, "ಅವತ್ತು ದಾರಿಯುದ್ದಕ್ಕೂ ಮಳೆ ಕಣೋ. ನಿಮ್ಮಪ್ಪ ನಿಲ್ಲಿಸಲೇ ಇಲ್ಲ" ಎಂದರು. ಆಮೇಲೆ ಎಷ್ಟೋ ಹೊತ್ತು ಡೈರಿ ವಾಪಸ್ ಕೊಡಲಿಲ್ಲ.

ಅದು 3 ಲೀಟರೋ 8 ಲೀಟರೋ ಅಂತ ನಾನು ಕೇಳಲಿಲ್ಲ. ಮಂಗಳವಾರಕ್ಕೆ ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ.