ವಿಸ್ತರಣೆ ಅಂತೀರೋ, ಒತ್ತುವರಿ ಅಂತೀರೋ

ಕಳೆದ ವರ್ಷ ಅಪ್ಪ ಆರು ತಿಂಗಳು ನಮ್ಮ ಮನೆಯಲ್ಲಿದ್ದರು. ಮದ್ದೂರು ತಾಲ್ಲೂಕಿನ ರೈತ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿ ಅವರಿಗೆ ಮಾಡಲು ಕೆಲಸವೇ ಇಲ್ಲ. ಬೆಳಿಗ್ಗೆ ವಾಕಿಂಗ್, ಮಧ್ಯಾಹ್ನ ಯೂಟ್ಯೂಬ್, ಸಂಜೆ ಮೊಮ್ಮಗಳ ಜೊತೆ ಚೌಕಾಬಾರ. ಕಾರು ಊರು ದಾಟಿದ ಮೇಲೆ ಮಾತ್ರ ಮುಖ ಅರಳುತ್ತಿತ್ತು. ಕಿಟಕಿಯಾಚೆ ಜಮೀನು ನೋಡುತ್ತಾ ಕೂರುತ್ತಿದ್ದರು. ಒಂದು ದಿನ ಕೇಳಿದರು:

"ಅಲ್ಲ ಕಣವ್ವ, ಇಷ್ಟೊಂದು ಜಮೀನು ಸುಮ್ನೆ ಹುಲ್ಲು ಬೆಳ್ಯಕ್ ಬುಟ್ಟವ್ರಲ್ಲ, ಇದ್ರ ಪಾಣಿ ಯಾರ ಹೆಸ್ರಲ್ಲಿ ಅದೆ?"

"ಯಾರೋ ರೈತರ ಹೆಸರಲ್ಲಿ ಇರುತ್ತೆ ಅಪ್ಪ."

"ಅವ್ರಿಗೂ ಮುಂಚೆ?"

ಈ ದೇಶಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ನನಗೆ ಒಂದು ದಿನವೂ ಈ ಪ್ರಶ್ನೆ ಬಂದಿರಲಿಲ್ಲ.

ಅದೇ ವಾರ ಒಂಬತ್ತು ವರ್ಷದ ಮಗಳು ಲೈಬ್ರರಿಯಿಂದ 'ಲಿಟಲ್ ಹೌಸ್ ಆನ್ ದಿ ಪ್ರೇರಿ' ತಂದಳು. ನಾನು ಅವಳ ವಯಸ್ಸಿನಲ್ಲೇ ಇದನ್ನು ಕನ್ನಡದಲ್ಲಿ ಓದಿದ್ದೆ, 'ಹುಲ್ಲುಗಾವಲಿನಲ್ಲಿ ಪುಟ್ಟ ಮನೆ' ಅಂತ. ನೆನಪಿದ್ದದ್ದು ಒಂದೇ. ಕ್ರಿಸ್‌ಮಸ್ ದಿನ ಎಡ್ವರ್ಡ್ಸ್ ಅನ್ನೋ ನೆರೆಯವನು ತುಂಬಿ ಹರಿಯುವ ಹಳ್ಳ ಈಜಿಕೊಂಡು ಬರುತ್ತಾನೆ. ಇಬ್ಬರು ಹುಡುಗಿಯರಿಗೆ ಒಂದೊಂದು ತಗಡಿನ ಲೋಟ, ಒಂದೊಂದು ಪೆಪ್ಪರ್‌ಮಿಂಟ್ ಕಡ್ಡಿ, ಒಂದೊಂದು ಪುಟ್ಟ ಕೇಕು, ಒಂದೊಂದು ಸೆಂಟ್ ಕೊಡುತ್ತಾನೆ. ಅವರ ಖುಷಿ ಓದಿ ನನಗೆ ಹೊಟ್ಟೆಕಿಚ್ಚಾಗಿತ್ತು. ಆ ಪುಸ್ತಕದಲ್ಲಿ ಇಂಡಿಯನ್ನರೂ, ಅಂದರೆ ಅಮೆರಿಕದ ಮೂಲನಿವಾಸಿಗಳೂ ಇದ್ದರು ಅನ್ನೋದು ನೆನಪೇ ಇರಲಿಲ್ಲ.

ಈ ಸಲ ರಾತ್ರಿ ಮಗಳ ಪಕ್ಕ ಕೂತು ಗಟ್ಟಿಯಾಗಿ ಓದಿದೆ. ಅಪ್ಪನಿಗೋಸ್ಕರ ಮಧ್ಯೆ ಮಧ್ಯೆ ಕನ್ನಡದಲ್ಲಿ ಹೇಳುತ್ತಿದ್ದೆ.

ಮೊದಲು ಒಂದು ವಾಕ್ಯದ ಕಥೆ ಕೇಳಿ. ಲಾರಾ ಇಂಗಲ್ಸ್ ವೈಲ್ಡರ್ ತಮ್ಮದೇ ಬಾಲ್ಯದ ಬಗ್ಗೆ ಬರೆದ ಈ ಪುಸ್ತಕ ಬಂದದ್ದು 1935ರಲ್ಲಿ. ಪಶ್ಚಿಮದ ನಾಡು ಹೇಗಿತ್ತು ಅಂತ ಹೇಳುವಾಗ, ಅಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಅನ್ನೋ ಅರ್ಥದ ಮಾತು ಅದರಲ್ಲಿತ್ತು. ಪ್ರಕಾಶಕರಿಗೆ ವರ್ಷಗಟ್ಟಲೆ ಅದು ಕಣ್ಣಿಗೇ ಬೀಳಲಿಲ್ಲ. 1952ರಲ್ಲಿ ಓದುಗರೊಬ್ಬರು ಕಾಗದ ಬರೆದರು. ಆಗ ವೈಲ್ಡರ್‌ಗೆ 85 ವರ್ಷ. ತಪ್ಪು ನನ್ನದೇ, ಇಂಡಿಯನ್ನರೂ ಜನರೇ ತಾನೆ ಅಂತ ಒಪ್ಪಿಕೊಂಡರು. 1953ರ ಮುದ್ರಣದಲ್ಲಿ 'ಜನ' ಅನ್ನೋ ಪದ ತೆಗೆದು, ನೆಲೆಸಲು ಬಂದ ಬಿಳಿಯರು ಅನ್ನೋ ಅರ್ಥದ ಪದ ಹಾಕಿದರು.

ನನಗೆ ಈ ತಿದ್ದುಪಡಿ ಇಷ್ಟವಿಲ್ಲ. ಹಳೇ ವಾಕ್ಯ ಕಾಲಿಗೆ ತೊಡರುತ್ತದೆ. ಓದುವವರು ಒಂದು ಕ್ಷಣ ನಿಂತು, ಏನಿದು ಹೀಗಂತಾಳೆ ಅಂದುಕೊಳ್ಳುತ್ತಾರೆ. ಹೊಸ ವಾಕ್ಯದ ಮೇಲೆ ಕಣ್ಣು ಜಾರಿಕೊಂಡು ಹೋಗುತ್ತದೆ. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದ ಹಾಗೆ.

ಆದರೆ ತಿದ್ದಲಾಗದ ಒಂದು ಜಾಗ ಅದೇ ಪುಸ್ತಕದಲ್ಲಿದೆ. ಒಂದು ರಾತ್ರಿ ಪುಟ್ಟ ಲಾರಾ ಅಪ್ಪನನ್ನು ಕೇಳುತ್ತಾಳೆ, ಸರ್ಕಾರ ಈ ಇಂಡಿಯನ್ನರನ್ನು ಪಶ್ಚಿಮಕ್ಕೆ ಕಳಿಸಿಬಿಡುತ್ತಾ ಅಂತ. ಹೂಂ ಅನ್ನುತ್ತಾನೆ ಅವನು. ಬಿಳಿಯರು ಬಂದ ಮೇಲೆ ಅವರು ಜಾಗ ಬಿಡಲೇಬೇಕು, ಅದಕ್ಕೇ ನಾವು ಮೊದಲೇ ಬಂದು ಒಳ್ಳೇ ಜಮೀನು ಹಿಡಿದಿದ್ದೇವೆ, ಗೊತ್ತಾಯ್ತಾ ಅನ್ನುತ್ತಾನೆ. ಹುಡುಗಿ ಬಿಡಲ್ಲ. ಇದು ಅವರದೇ ಜಾಗ ಅಲ್ವಾ, ಹೋಗು ಅಂದರೆ ಅವರಿಗೆ ಕೋಪ ಬರಲ್ವಾ ಅಂತ ಶುರುಮಾಡುತ್ತಾಳೆ. ಮಾತು ಮುಗಿಯುವ ಮುಂಚೆಯೇ ಅಪ್ಪ, ಪ್ರಶ್ನೆ ಸಾಕು, ಮಲಗು ಅಂದುಬಿಡುತ್ತಾನೆ.

ನನ್ನ ಮಗಳು ಎದ್ದು ಕೂತಳು. "ಅಮ್ಮಾ, ಅವ್ರಪ್ಪ ಆನ್ಸರ್ ಮಾಡ್ಲೇ ಇಲ್ಲ!"

2018ರಲ್ಲಿ ಇಲ್ಲಿನ ಗ್ರಂಥಪಾಲಕರ ಸಂಘದವರು ಮಕ್ಕಳ ಸಾಹಿತ್ಯ ಪ್ರಶಸ್ತಿಯೊಂದರಿಂದ ವೈಲ್ಡರ್ ಹೆಸರು ತೆಗೆದರು. ಸರಿ, ಪ್ರಶಸ್ತಿ ಅವರದು. ಆದರೆ ಮಕ್ಕಳ ಕೈಯಿಂದ ಪುಸ್ತಕವನ್ನೇ ಕಿತ್ತುಕೊಳ್ಳಿ ಅನ್ನೋರ ಜೊತೆ ನಾನಿಲ್ಲ. ಈ ಪ್ರಶ್ನೆಯನ್ನು ಬರೆದವಳೂ ವೈಲ್ಡರೇ. ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಒತ್ತುವರಿ ಮಾಡಿದವರ ಮನೆಯೊಳಗೆ ರಾತ್ರಿ ಏನು ಮಾತಾಡುತ್ತಿದ್ದರು ಅನ್ನೋದು ಬೇರೆ ಎಲ್ಲಿ ಸಿಗುತ್ತೆ ಹೇಳಿ?

ಒತ್ತುವರಿ ಅನ್ನೋ ಪದ ನನ್ನದಲ್ಲ, ಅಪ್ಪನದು. ಲಾರಾಳ ಅಪ್ಪನ ಬಗ್ಗೆ, "ಅವ್ನತ್ರ ಕಾಗ್ದ ಪತ್ರ ಇತ್ತಾ?" ಅಂತ ಕೇಳಿದರು. ಹುಡುಕಿದೆ. 1862ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ ಇತ್ತು. ಐದು ವರ್ಷ ಮನೆ ಕಟ್ಟಿಕೊಂಡು ಉತ್ತರೆ 160 ಎಕರೆ ನಿಮ್ಮದು. ಆದರೆ ಅದು ಸರ್ಕಾರದ ಜಮೀನಿಗೆ. ಇಂಗಲ್ಸ್ ಕುಟುಂಬ 1869ರಿಂದ 1871ರವರೆಗೆ ಇದ್ದ ಜಾಗ ಒಸೇಜ್ ಅನ್ನೋ ಇಂಡಿಯನ್ ಬುಡಕಟ್ಟಿನ ಜನರದು. 1870ರ ಜನಗಣತಿಗೆ ಬಂದ ಗಣತಿದಾರ ಅಲ್ಲಿನವರ ಜಮೀನಿನ ಬೆಲೆಯ ಕಾಲಂ ಖಾಲಿ ಬಿಟ್ಟು, ಇದು ಒಸೇಜ್ ಇಂಡಿಯನ್ನರ ಭೂಮಿ, ಇವರಿಗೆ ಹಕ್ಕಿಲ್ಲ ಅಂತ ಷರಾ ಬರೆದಿದ್ದಾನೆ.

"ಹಂಗಾದ್ರೆ ಬಗರ್‌ಹುಕುಂ ಅನ್ನು," ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು ತಾವೇ ತಿದ್ದಿಕೊಂಡರು. "ಇಲ್ಲ ಇಲ್ಲ. ಬಗರ್‌ಹುಕುಂ ಅಂದ್ರೆ ಸರ್ಕಾರದ್ ಜಮೀನು. ಇದು ಇನ್ನೊಬ್ಬರ್ದು. ಇದು ಒತ್ತುವರಿ."

ನಾವು ಶಾಲೆಯಲ್ಲಿ ಓದಿದ್ದು ವಿಸ್ತರಣೆ ಅಂತ. ಸಾಮ್ರಾಜ್ಯ ವಿಸ್ತರಣೆ, ಪಶ್ಚಿಮದತ್ತ ವಿಸ್ತರಣೆ. ರಸ್ತೆ ವಿಸ್ತರಣೆ, ಬಸ್ ನಿಲ್ದಾಣ ವಿಸ್ತರಣೆ ಅಂದಷ್ಟೇ ಸಲೀಸು. ಒತ್ತುವರಿ ಅಂದುನೋಡಿ. ಬೇಲಿ ಕಾಣಿಸುತ್ತದೆ, ಬೇಲಿಯ ಆಚೆ ನಿಂತವನೂ ಕಾಣಿಸುತ್ತಾನೆ.

ಸೆಪ್ಟೆಂಬರ್‌ನಲ್ಲಿ ಒಂದು ಶನಿವಾರ ಮೂವರೂ ಆ ಜಾಗಕ್ಕೇ ಹೋದೆವು. ಇಂಡಿಪೆಂಡೆನ್ಸ್ ಅನ್ನೋ ಊರಿನ ಹತ್ತಿರ ಇದೆ. ಆ ಕಾಲದ್ದರ ಥರವೇ ಕಟ್ಟಿದ ಮರದ ದಿಮ್ಮಿಯ ಪುಟ್ಟ ಮನೆ. ಪಕ್ಕದಲ್ಲಿ ಕೈಯಲ್ಲಿ ತೋಡಿದ ಹಳೇ ಬಾವಿ. ಲಾರಾಳ ಅಪ್ಪ ಚಾರ್ಲ್ಸ್ ತೋಡಿದ್ದೇ ಇದು ಅಂತ ನಂಬಿಕೆ. ಪುಸ್ತಕದಲ್ಲಿ ಬಾವಿ ತೋಡುವುದಕ್ಕೇ ಒಂದು ಅಧ್ಯಾಯವಿದೆ. ದಿನಾ ಬೆಳಿಗ್ಗೆ ಮೊದಲು ಮೇಣದಬತ್ತಿ ಇಳಿಸಿ ಒಳಗೆ ಕೆಟ್ಟ ಗಾಳಿ ಇದೆಯಾ ನೋಡಬೇಕು. ಸ್ಕಾಟ್ ಅನ್ನೋ ನೆರೆಯವನು ಅದನ್ನು ಹಗುರವಾಗಿ ತಗೊಂಡು ಇಳಿದು, ಸಾಯುವುದರಲ್ಲಿ ಉಳಿಯುತ್ತಾನೆ. ಅಪ್ಪ ಆ ಬಾವಿಯ ಹತ್ತಿರ ಬಹಳ ಹೊತ್ತು ನಿಂತರು. ನಮ್ಮೂರಲ್ಲೂ ಪಾಳು ಬಾವಿಗೆ ಇಳಿಯೋ ಮುಂಚೆ ಲಾಟೀನು ಬಿಡ್ತಿದ್ದರಂತೆ.

"ಪಾಪ, ಬಡವ ಕಣವ್ವ ಅವ್ನೂವೆ," ಅಂದರು. "ಮೊದ್ಲು ಬಡವ್ರುನ್ನೇ ಬುಡೋದು. ದೊಡ್ಡೋರು ಹಿಂದ್ಗುಟ್ಲೇ ಬತ್ತಾರೆ."

ದೊಡ್ಡವರು ಆಗಲೇ ಬಂದಿದ್ದರು. 1868ರಲ್ಲಿ ಒಸೇಜ್ ಜನರ ಸುಮಾರು 80 ಲಕ್ಷ ಎಕರೆಯನ್ನು ಎಕರೆಗೆ 20 ಸೆಂಟ್ ಕೂಡ ಬೀಳದ ಹಾಗೆ ರೈಲ್ವೆ ಕಂಪನಿಗೆ ಕೊಡಿಸುವ ಒಪ್ಪಂದವೊಂದು ತಯಾರಾಗಿತ್ತು. ಗಲಾಟೆಯಾಗಿ ಅದು ಬಿದ್ದುಹೋಯಿತು. 1870ರಲ್ಲಿ ಬೇರೆ ಕಾನೂನು ಬಂತು. ಬಿಳಿಯರಿಗೆ ಎಕರೆಗೆ ಒಂದೂಕಾಲು ಡಾಲರ್‌ನಂತೆ ಮಾರಾಟ, ಒಸೇಜ್ ಜನ ದಕ್ಷಿಣಕ್ಕೆ.

ಅವರು ಹೊರಟುಹೋಗುವ ದೃಶ್ಯ ಪುಸ್ತಕದ ಕೊನೆಗೆ ಬರುತ್ತದೆ. ಇಡೀ ದಿನ ಸಾಲುಗಟ್ಟಿ ಕುದುರೆಗಳು ಈ ಮನೆಯ ಮುಂದೆಯೇ ಹಾದುಹೋಗುತ್ತವೆ. ಇಂಗಲ್ಸ್ ಮನೆಯವರು ಬಾಗಿಲಲ್ಲಿ ಊಟ ಮರೆತು ನೋಡುತ್ತಾ ನಿಲ್ಲುತ್ತಾರೆ. ಒಬ್ಬ ತಾಯಿಯ ಕುದುರೆಯ ಪಕ್ಕ ಬುಟ್ಟಿಯಲ್ಲಿ ಕಪ್ಪು ಕಣ್ಣಿನ ಕೂಸು. ಲಾರಾ ಅದನ್ನೇ ನೋಡಿ, ಅಪ್ಪಾ ಆ ಮಗು ನನಗೆ ಬೇಕು, ಕೊಡಿಸು ಅಂತ ಹಟ ಹಿಡಿದು ಅಳುತ್ತಾಳೆ. ನಾಚಿಕೆಯಾಗಲ್ವಾ, ನಮ್ಮ ಮನೆಯಲ್ಲೇ ಮಗು ಇದೆಯಲ್ಲ ಅನ್ನುತ್ತಾಳೆ ಅಮ್ಮ. ಇಲ್ಲ, ಅದೂ ಬೇಕು. ನೆಲ ಬೇಕು, ನೀರು ಬೇಕು, ಕೊನೆಗೆ ಮಗುವೂ ಬೇಕು. ವೈಲ್ಡರ್ ಇದನ್ನು ಬೇಕಂತಲೇ ಹೀಗೆ ಇಟ್ಟರೋ, ಕೈ ತಪ್ಪಿ ಬಂತೋ. ನನಗಂತೂ ಇದನ್ನು ಓದುವಾಗ ಗಂಟಲು ಕಟ್ಟಿತು.

ಆ ಕುದುರೆ ಸಾಲು ಎಲ್ಲಿಗೆ ಹೋಯಿತು ಗೊತ್ತಾ? ಈಗಿನ ಒಕ್ಲಹೋಮಕ್ಕೆ. ಅಲ್ಲಿ ಚೆರೋಕೀ ಅನ್ನೋ ಇನ್ನೊಂದು ಇಂಡಿಯನ್ ಬುಡಕಟ್ಟಿನವರಿಂದ ದುಡ್ಡು ಕೊಟ್ಟು ನೆಲ ಕೊಂಡರು. ಬರೀ ಕಲ್ಲು. ಅವರ ಮುಖಂಡನೊಬ್ಬನ ಲೆಕ್ಕಾಚಾರವೇ ಅದಾಗಿತ್ತು. ಇಲ್ಲಿ ನೇಗಿಲು ಇಳಿಯಲ್ಲ, ಆದ್ದರಿಂದ ಬಿಳಿಯರು ಬರಲ್ಲ. ಕಲ್ಲಿನ ಕೆಳಗೆ ಪೆಟ್ರೋಲಿಯಂ ಇತ್ತು. 1920ರ ದಶಕದಲ್ಲಿ ಆ ದುಡ್ಡಿಗಾಗಿ ಒಸೇಜ್ ಜನರನ್ನು ಗುಂಡಿಟ್ಟು, ವಿಷ ಹಾಕಿ ಕೊಂದರು. ಡೇವಿಡ್ ಗ್ರಾನ್ 2017ರಲ್ಲಿ ಬರೆದ 'ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್' ಇದೇ ಕಥೆ. ಮಾರ್ಟಿನ್ ಸ್ಕಾರ್ಸೆಸಿ ಸಿನಿಮಾ ನಿಮ್ಮಲ್ಲಿ ಸುಮಾರು ಜನ ನೋಡಿರುತ್ತೀರಿ. ನಾನೂ ನೋಡಿದ್ದೆ. ಆದರೆ ಆ ಜನ, ಪುಟ್ಟ ಮನೆಯ ಮುಂದೆ ಹಾದುಹೋದ ಜನ ಒಬ್ಬರೇ ಅಂತ ಹೊಳೆದಿರಲಿಲ್ಲ. ಒಂದು ಮಕ್ಕಳ ಪುಸ್ತಕ, ಇನ್ನೊಂದು ಕೊಲೆಗಳ ಪುಸ್ತಕ. ತಲೆಯಲ್ಲಿ ಬೇರೆ ಬೇರೆ ಕಪಾಟಿನಲ್ಲಿ ಇದ್ದವು.

ಇನ್ನೊಂದು ವಿಷಯಕ್ಕೆ ನನಗೆ ನಿಜಕ್ಕೂ ಬೇಜಾರಾಯಿತು. ಜಾನ್ ಜೋಸೆಫ್ ಮ್ಯಾಥ್ಯೂಸ್ ಅಂತ ಒಬ್ಬ ಒಸೇಜ್ ಲೇಖಕ ಇದ್ದರು. ಆಕ್ಸ್‌ಫರ್ಡ್‌ನಲ್ಲಿ ಓದಿದವರು. ತಮ್ಮ ಜನರ ಬಗ್ಗೆ 'ವಾಕೊಂಟಾ' ಅಂತ ಪುಸ್ತಕ ಬರೆದರು. 1932ರಲ್ಲಿ. ಅಂದರೆ ಲಾರಾಳ ಪುಸ್ತಕಕ್ಕಿಂತ ಮೂರು ವರ್ಷ ಮೊದಲು! ಆಗ ಚೆನ್ನಾಗಿ ಮಾರಾಟವೂ ಆಯಿತು. ಆ ಕಡೆಯವರ ಕಥೆ ಯಾರೂ ಬರೆದಿಲ್ಲವಲ್ಲ ಅಂತ ನಾವು ಕೊರಗುತ್ತೇವೆ. ಬರೆದಿದ್ದಾರೆ. ನಮ್ಮ ಕೈಗೆ ಯಾರೂ ಕೊಟ್ಟಿಲ್ಲ, ನಾವೂ ಕೇಳಿಲ್ಲ.

ದೊಡ್ಡ ಪಂಡಿತರ ಪುಸ್ತಕಗಳ ಬಗ್ಗೆ ಜಾಸ್ತಿ ಹೇಳಲ್ಲ. 1893ರಲ್ಲಿ ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್ ಶಿಕಾಗೋದಲ್ಲಿ ಓದಿದ ಪ್ರಬಂಧ ಬಹಳ ಪ್ರಸಿದ್ಧ. ಪಶ್ಚಿಮದಲ್ಲಿ ಬಿಟ್ಟಿ ಭೂಮಿ ಇದ್ದದ್ದೇ ಅಮೆರಿಕದ ಸ್ವಭಾವವನ್ನು ರೂಪಿಸಿತು ಅನ್ನೋದು ವಾದದ ಸಾರ. ಬಿಟ್ಟಿ! ಅಪ್ಪನಿಗೆ ಹೇಳಿದೆ, ನಕ್ಕರು.

ನಮ್ಮ ಕಡೆಯ ಒಂದು ಪುಸ್ತಕವನ್ನು ಇದರ ಪಕ್ಕ ಇಟ್ಟು ನೋಡಿ. 1799ರಲ್ಲಿ ಟಿಪ್ಪು ಸತ್ತ. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನು ಮದ್ರಾಸಿನಿಂದ ಮೈಸೂರು ಸೀಮೆ, ಕೆನರಾ, ಮಲಬಾರ್ ಸುತ್ತಿಬರಲು ಕಳಿಸಿದ. 1807ರಲ್ಲಿ ಮೂರು ಸಂಪುಟ ಬಂದವು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ನಮ್ಮೂರ ಕಡೆಯೇ ಹಾದುಹೋಗಿದ್ದಾನೆ ಪುಣ್ಯಾತ್ಮ. ರಾಗಿಗೆ ಎಷ್ಟು ಸಲ ಉಳುತ್ತಾರೆ, ಕೂರಿಗೆ ಹೇಗಿದೆ, ಕುಂಟೆ ಹೇಗಿದೆ, ಯಾವ ಕೆರೆಯಿಂದ ಎಷ್ಟು ಗದ್ದೆ, ಯಾವ ಜಾತಿಯವರು ಏನು ಕಸುಬು ಮಾಡುತ್ತಾರೆ, ಯಾವುದನ್ನೂ ಬಿಟ್ಟಿಲ್ಲ. ಪುಸ್ತಕದ ತುಂಬಾ ಜನವೋ ಜನ.

ಯಾಕೆ ಹೀಗೆ ಅಂತ ಯೋಚಿಸಿದೆ. ಈಸ್ಟ್ ಇಂಡಿಯಾ ಕಂಪನಿಗೆ ನಮ್ಮ ನೆಲದ ಜೊತೆ ನಾವೂ ಬೇಕಿತ್ತು. ಉಳಬೇಕು, ಕಂದಾಯ ಕಟ್ಟಬೇಕು. ಆದ್ದರಿಂದ ತಲೆ ತಲೆ ಎಣಿಸಿ ಬರೆದುಕೊಂಡರು. ಕಾಂಗೋದಲ್ಲಿ ಬೆಲ್ಜಿಯಂ ದೊರೆ ಲಿಯೋಪೋಲ್ಡನಿಗೂ ಜನ ಬೇಕಿತ್ತು, ಕಾಡಿನಿಂದ ರಬ್ಬರ್ ತರಲು. ಕ್ಯಾನ್ಸಸ್‌ನಲ್ಲಿ ಜನ ಬೇಡವಾಗಿತ್ತು, ನೆಲ ಮಾತ್ರ ಸಾಕಿತ್ತು. ಆದ್ದರಿಂದ ಅಲ್ಲಿಯ ಪುಸ್ತಕದಲ್ಲಿ ಜನರೇ ಇಲ್ಲ. ಈಗ ಇಂಥ ಯಾವ ಪುಸ್ತಕ ಕೈಗೆತ್ತಿಕೊಂಡರೂ ನಾನು ಮೊದಲು ನೋಡುವುದು ಇದನ್ನೇ. ಊರಿನವರನ್ನು ಎಣಿಸಿದ್ದಾರಾ, ಅಳಿಸಿದ್ದಾರಾ?

ಅಳುವಂತೆ ಮಾಡುವ ಪುಸ್ತಕಗಳ ಬಗ್ಗೆಯೂ ನನ್ನದೊಂದು ತಕರಾರಿದೆ. ಡೀ ಬ್ರೌನ್ 1970ರಲ್ಲಿ ಬರೆದ 'ಬರಿ ಮೈ ಹಾರ್ಟ್ ಅಟ್ ವೂಂಡೆಡ್ ನೀ' ದೊಡ್ಡ ಕೆಲಸ. ಲಕ್ಷಾಂತರ ಜನರ ಕಣ್ಣು ತೆರೆಸಿತು. ಆದರೆ ಅದು 1890ರ ಡಿಸೆಂಬರ್‌ನಲ್ಲಿ ವೂಂಡೆಡ್ ನೀ ಅನ್ನೋ ಕಡೆ ಸೈನಿಕರು ಇಂಡಿಯನ್ನರನ್ನು ಕೊಂದ ಹತ್ಯಾಕಾಂಡಕ್ಕೆ ಬಂದು ನಿಲ್ಲುತ್ತದೆ. ಓದಿ ಅತ್ತು ಮುಚ್ಚಿಟ್ಟರೆ, ಅಯ್ಯೋ ಪಾಪ, ಎಲ್ಲಾ ಮುಗಿದುಹೋಯಿತು ಅನಿಸುತ್ತೆ. ಮುಗಿದಿಲ್ಲ ಸ್ವಾಮಿ. ಒಜಿಬ್ವೆ ಜನಾಂಗದ ಡೇವಿಡ್ ಟ್ರೂಯರ್ 2019ರಲ್ಲಿ ಇದಕ್ಕೇ ಉತ್ತರವಾಗಿ ಒಂದು ದಪ್ಪ ಪುಸ್ತಕ ಬರೆದಿದ್ದಾರೆ, 1890ರಿಂದ ಇವತ್ತಿನವರೆಗೆ.

ಇನ್ನು ನಮ್ಮ ಮನೆ. ನಾವು ತರಕಾರಿಗೆ ಹೋಗುವ ರಸ್ತೆಯ ಹೆಸರು ಶಾನೀ ಮಿಷನ್ ಪಾರ್ಕ್‌ವೇ. ಶಾನೀ ಅಂದರೆ ಇಲ್ಲಿದ್ದ ಜನ. ಪೂರ್ವದಿಂದ ಎಬ್ಬಿಸಿ ಇಲ್ಲಿಗೆ ಕಳಿಸಿದ್ದರು, 1854ರಲ್ಲಿ ಹೆಚ್ಚಿನ ನೆಲ ವಾಪಸ್ ಪಡೆದರು, ಆಮೇಲೆ ಇಲ್ಲಿಂದಲೂ ಎಬ್ಬಿಸಿದರು. ಮನೆ ಕೊಳ್ಳುವಾಗ ನಾವು ಕಾಗದದ ಕಟ್ಟಿಗೆ ಸಹಿ ಹಾಕಿದ್ದೇ ಹಾಕಿದ್ದು. ಹಕ್ಕುಪತ್ರ ಪಕ್ಕಾ ಇದೆ ಅಂತ ವಿಮೆಯನ್ನೂ ಮಾಡಿಸಿದೆವು. ಅಪ್ಪ ಒಂದು ಭಾನುವಾರ ಆ ಕಾಗದಗಳನ್ನೆಲ್ಲ ಡೈನಿಂಗ್ ಟೇಬಲ್ ಮೇಲೆ ಹರಡಿಸಿಕೊಂಡು, ಕನ್ನಡಕ ಏರಿಸಿ, ಮೂಲ ದಾಖಲೆ ಎಲ್ಲಿ ಅಂತ ಕೇಳಿದರು. ಇಂಗ್ಲಿಷ್ ಬರಲ್ಲ, ಆದರೂ ಯಾವ ಕಾಗದ ಇಲ್ಲ ಅಂತ ಅವರಿಗೆ ಗೊತ್ತಾಗುತ್ತೆ.

ಅವರು ವಾಪಸ್ ಹೋಗಿ ನಾಲ್ಕು ತಿಂಗಳಾಯಿತು. ಮೊನ್ನೆ ಫೋನಿನಲ್ಲಿ ಪಕ್ಕದ ಜಮೀನಿನವರು ಬಾಂದುಕಲ್ಲು ಒಂದಡಿ ಸರಿಸಿದ್ದಾರೆ, ಸರ್ವೆಯವರು ಬರಬೇಕು ಅಂತ ಹೇಳುತ್ತಿದ್ದವರು ಇದ್ದಕ್ಕಿದ್ದ ಹಾಗೆ ಕೇಳಿದರು, "ಆ ಒಸೇಜ್‌ನೋರು, ಅವ್ರಿಗೆ ಈಗ ಜಮೀನು ಅದಾ?"

ಇದೆ ಅಂದೆ. 2016ರಲ್ಲಿ ಒಕ್ಲಹೋಮದ ತಮ್ಮ ಹಳೇ ನೆಲದಲ್ಲೇ, ಒಬ್ಬ ಶ್ರೀಮಂತರಿಂದ 43,000 ಎಕರೆಯ ರ‍್ಯಾಂಚ್ ಕೊಂಡುಕೊಂಡರು, 7.4 ಕೋಟಿ ಡಾಲರ್ ಕೊಟ್ಟು.

"ತಮ್ದೇ ಜಮೀನ್ನ ತಾವೇ ಕಾಸು ಕೊಟ್ಟು ತಗೊಂಡ್ರಾ?"

"ಹೂಂ ಅಪ್ಪ."

"ಎಕರೆಗೆ ಎಷ್ಟು ಬಿತ್ತು?"

ಮೊಬೈಲಿನಲ್ಲೇ ಲೆಕ್ಕ ಹಾಕಿ ಹೇಳಿದೆ. ಸುಮಾರು 1,700 ಡಾಲರ್.

"ಅವತ್ತು ಅಲ್ಲಿ ಅವ್ರುದ್ನ ಮಾರ್ದಾಗ ಎಷ್ಟಂದೆ?"

"ಒಂದೂಕಾಲು."