ಸರ್ವಿಸ್ ಮಾಡಿ ಎಂದರೆ ಗಡಿಯಾರದ ಮುಖವನ್ನೇ ಕಿತ್ತರು

ಬೆಳಿಗ್ಗೆಯಿಂದ ಮೈ ಉರಿಯುತ್ತಿದೆ. ನನ್ನ ಗಡಿಯಾರದ ಹುಚ್ಚು ಗೊತ್ತಿರುವವರು ಓದಿ. ಉಳಿದವರು ಮುಂದಕ್ಕೆ ಹೋಗಿ, ಯಾರದ್ದಾದರೂ ಗೃಹಪ್ರವೇಶದ ಫೋಟೊ ಇದ್ದೇ ಇರುತ್ತದೆ.

ಉಡುಪಿ ಕಡೆಯ ಗೆಳೆಯನೊಬ್ಬ ತನ್ನ ತಂದೆಯ ಕೈಗಡಿಯಾರವನ್ನು ಸರ್ವಿಸಿಗೆ ಕೊಟ್ಟಿದ್ದ. ತಂದೆ ಈಗಿನ ಯೆಮನ್ನಿನ ಏಡನ್‌ನಲ್ಲಿ ಗುಮಾಸ್ತರಾಗಿದ್ದವರು. ಬ್ರಿಟಿಷರು 1967ರಲ್ಲಿ ಆ ಬಂದರನ್ನು ಬಿಟ್ಟು ಹೊರಡುವ ಸ್ವಲ್ಪ ಮುಂಚೆ, ಸುಂಕವಿಲ್ಲದ ಅಂಗಡಿಯಲ್ಲಿ ಕೊಂಡ ಸ್ವಿಸ್ ಗಡಿಯಾರ ಅದು. ಕಂಪನಿ ಯಾವುದೆಂದು ಹೇಳುವುದಿಲ್ಲ. ಅವರ ವಕೀಲರ ಶುಲ್ಕ ಅವರ ಸರ್ವಿಸ್ ಶುಲ್ಕಕ್ಕಿಂತ ಹೆಚ್ಚಿರಬಹುದು. ಇಷ್ಟು ವರ್ಷ ನನ್ನ ಗಡಿಯಾರ ಪುರಾಣವನ್ನು ಸಹಿಸಿಕೊಂಡು ಬಂದ ಗೆಳೆಯ, ಈ ಒಂದು ಸಲ ಮಾತ್ರ ನನ್ನನ್ನು ಕೇಳಲಿಲ್ಲ. ‘ಕಂಪನಿಯವರೇ ಮಾಡಿದರೆ ನಿಶ್ಚಿಂತೆ’ ಎಂದುಕೊಂಡ. ಗಡಿಯಾರ ಸ್ವಿಟ್ಜರ್ಲೆಂಡಿನ ಕಾರ್ಖಾನೆಗೆ ಹೋಗಿ, ತಿಂಗಳುಗಟ್ಟಲೆ ಅಲ್ಲಿದ್ದು, ಮಖಮಲ್ಲಿನ ಪೆಟ್ಟಿಗೆಯಲ್ಲಿ ಕುಳಿತು ನಿನ್ನೆ ವಾಪಸು ಬಂದಿದೆ. “ಹೊಸದರ ಹಾಗೆ ಮಾಡಿಕೊಟ್ಟಿದ್ದಾರೆ ನೋಡು” ಎಂದು ಹಿಗ್ಗಿನಿಂದ ತೋರಿಸಿದ.

ಹೌದು, ಹೊಸದರ ಹಾಗೆಯೇ ಇದೆ. ನನ್ನ ತಕರಾರೂ ಅದೇ.

ಹಳೆಯ ಡಯಲ್ ನನಗೆ ಬಾಯಿಪಾಠವಾಗಿತ್ತು. ಬೆಳ್ಳಿ ಬಣ್ಣದ್ದು, ಅಂಚಿನ ಸುತ್ತ ಮಾಸಿ ಕೆನೆಬಣ್ಣಕ್ಕೆ ತಿರುಗಿತ್ತು. ನಾಲ್ಕರ ಗೀಟಿನ ಪಕ್ಕದಲ್ಲಿ, ಕೀ ತಿರುಗಿಸುವ ಗುಬುಟಿನ ಕಡೆಯಿಂದ ಬೆವರು ಒಳನುಗ್ಗಿದ ಜಾಗದಲ್ಲಿ, ಕಂದುಬಣ್ಣದ ಒಂದು ಚಿಕ್ಕ ಕಲೆ. ಗಂಟೆಯ ಗುರುತುಗಳ ತುದಿಯಲ್ಲಿ ಕತ್ತಲಲ್ಲಿ ಹೊಳೆಯಲೆಂದು ಇಟ್ಟಿದ್ದ ಚುಕ್ಕಿಗಳು ಹೊಳಪು ಬಿಟ್ಟು ಎಷ್ಟೋ ಕಾಲವಾಗಿತ್ತು. ಬಣ್ಣ ಮಾತ್ರ ಜೇನಿನಂತಾಗಿತ್ತು. ಮುಳ್ಳುಗಳ ಮೇಲಿನ ಬಣ್ಣವೂ ಅದೇ ಜೇನು. ಡಯಲ್ಲು, ಮುಳ್ಳು ಎರಡೂ ಒಟ್ಟಿಗೆ ಹುಟ್ಟಿ ಒಟ್ಟಿಗೆ ಮುಪ್ಪಾದವು ಎನ್ನುವುದಕ್ಕೆ ಬೇರೆ ದಾಖಲೆ ಬೇಕಿರಲಿಲ್ಲ. ಆರರ ಕೆಳಗೆ, ಗಾಜಿನ ಅಂಚಿಗೆ ಅರ್ಧ ಅಡಗಿದಂತೆ, ‘ಟಿ ಸ್ವಿಸ್ ಟಿ’ ಎಂಬ ಸಣ್ಣ ಅಕ್ಷರ. ಮೊದಲು ಇಂಥ ಚುಕ್ಕಿಗಳಿಗೆ ರೇಡಿಯಂ ಬಳಿಯುತ್ತಿದ್ದರು. ಅದರ ಅಪಾಯ ಗೊತ್ತಾದ ಮೇಲೆ ಅರವತ್ತರ ದಶಕದಲ್ಲಿ ಅದಕ್ಕಿಂತ ಸೌಮ್ಯ ವಿಕಿರಣದ ಟ್ರಿಟಿಯಂ ಬಂತು. ಟಿ ಎಂದರೆ ಆ ಟ್ರಿಟಿಯಂ. ಹನ್ನೆರಡು ವರ್ಷ ಚಿಲ್ಲರೆಯಲ್ಲಿ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಏಡನ್ ಗಡಿಯಾರದ ಚುಕ್ಕಿಗಳು ಎಂದೋ ಕಣ್ಣು ಮುಚ್ಚಿದ್ದವು. ಗಡಿಯಾರದ ವಯಸ್ಸನ್ನು ಹೇಳುವ ಕೆಲಸವನ್ನು ಮಾತ್ರ ಬಿಟ್ಟಿರಲಿಲ್ಲ.

ಈಗ ಅಲ್ಲಿರುವುದು ಫಳಫಳ ಬಿಳಿಯ ಡಯಲ್. ಟಿ ಇಲ್ಲ. ಚುಕ್ಕಿಗಳು ದೀಪ ಆರಿಸಿದ ಕೂಡಲೇ ಹಸಿರಾಗಿ ಉರಿಯುತ್ತವೆ. ತೊಂಬತ್ತರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ, ವಿಕಿರಣವಿಲ್ಲದ ಬಣ್ಣದ ಪೀಳಿಗೆಯದು. ಅರವತ್ತರ ಗಡಿಯಾರಕ್ಕೆ ತೊಂಬತ್ತರ ಬಣ್ಣ! ಮುಳ್ಳುಗಳೂ ಹೊಸವು. ಲಗ್ಗುಗಳ, ಎಂದರೆ ಬೆಲ್ಟು ಸಿಕ್ಕಿಸುವ ಕೊಂಬುಗಳ ಅಂಚಿನಲ್ಲಿ ಚಾಕುವಿನ ಅಲಗಿನಂತೆ ಒಂದು ಇಳಿಜಾರು ಪಟ್ಟಿ ಇತ್ತು. ಅದನ್ನು ಪಾಲಿಷ್ ಯಂತ್ರಕ್ಕೆ ಹಿಡಿದು ಉಜ್ಜಿ ಉರುಟು ಮಾಡಿದ್ದಾರೆ. ಪಾಲಿಷ್ ಎಂದರೆ ಲೋಹವನ್ನು ತೆಗೆಯುವುದು, ಸ್ವಾಮಿ. ಗೀರನ್ನು ಅಳಿಸುವುದೆಂದರೆ ಗೀರಿನ ಆಳದಷ್ಟು ಲೋಹವನ್ನು ಸುತ್ತಲೂ ಸವೆಸುವುದು. ಸವೆದದ್ದು ವಾಪಸು ಬರುವುದಿಲ್ಲ.

ಹಳೆಯ ಡಯಲ್ ಎಲ್ಲಿ ಎಂದು ಕೇಳಿದೆ. ಪೆಟ್ಟಿಗೆಯಲ್ಲಿಲ್ಲ. ಬದಲಿಸಿದ ಭಾಗಗಳನ್ನು ಕಂಪನಿಯೇ ಇಟ್ಟುಕೊಳ್ಳುತ್ತದೆ ಎಂದು ಅರ್ಜಿಯ ಹಿಂಬದಿಯಲ್ಲಿ ಇರುವೆಯ ಗಾತ್ರದ ಅಕ್ಷರದಲ್ಲಿತ್ತಂತೆ. ನನಗೆ ಹೊಟ್ಟೆಯುರಿದದ್ದು ಇಲ್ಲಿಯೇ. ಬದಲಿಸಿದ್ದನ್ನಾದರೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರೆ, ನಾಳೆ ಒಳ್ಳೆಯ ರಿಪೇರಿಯವರ ಹತ್ತಿರ ಹೋಗಿ ಮತ್ತೆ ಕೂರಿಸಬಹುದಿತ್ತು. ಇದು ಹಳೆಯ ಮನೆಗೆ ಬಣ್ಣ ಬಳಿಯಲು ಕರೆಸಿದವರು ಕೆಂಪು ಗಾರೆಯ ನೆಲವನ್ನು ಅಗೆದು, ಟೈಲ್ಸ್ ಹಾಕಿ, ಬಿಲ್ಲು ಕೈಗಿಟ್ಟು ಹೋದ ಹಾಗಾಯಿತು.

ನಾನು ಸರ್ವಿಸ್ ವಿರೋಧಿ ಎಂದು ಯಾರೂ ಕೂಗಬೇಡಿ. ಒಳಗಿನ ಯಂತ್ರಕ್ಕೆ ಸರ್ವಿಸ್ ಬೇಕೇಬೇಕು. ಹಳೆಯ ಗಡಿಯಾರಗಳ ಗತಿ ಕಾಯುವ ಬ್ಯಾಲೆನ್ಸ್ ಚಕ್ರ ಸಾಮಾನ್ಯವಾಗಿ ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ. ಎಣ್ಣೆ ಒಣಗಿದರೆ ಕೂದಲೆಳೆಯಂಥ ಅಚ್ಚಿನ ತುದಿಗಳು ಸವೆದುಹೋಗುತ್ತವೆ. ತೊಳೆಯಲಿ, ಎಣ್ಣೆ ಬಿಡಲಿ, ಸ್ಪ್ರಿಂಗ್ ಬದಲಿಸಲಿ, ನೀರು ತಡೆಯುವ ರಬ್ಬರ್ ಬಳೆ ಹೊಸದು ಹಾಕಲಿ. ಈ ಕೆಲಸವನ್ನು ಕಾರ್ಖಾನೆಯವರಷ್ಟು ಚೊಕ್ಕವಾಗಿ ಮಾಡುವವರು ಕಡಿಮೆ ಎಂದು ಬೇಕಾದರೆ ಬರೆದುಕೊಡುತ್ತೇನೆ. ಸ್ಪ್ರಿಂಗ್ ಹೊಸದೆಂದು ಯಾವ ಸಂಗ್ರಾಹಕನೂ ಮುಖ ಸಿಂಡರಿಸುವುದಿಲ್ಲ. ಬೆಲೆ ಕೂತಿರುವುದು ಹೊರಗೆ: ಡಯಲ್ಲು, ಮುಳ್ಳು, ಕೇಸಿನ ಅಂಚು. ಹರಾಜಿನವರ ವಿವರಣೆಯಲ್ಲಿ ‘ಸರ್ವಿಸ್ ಡಯಲ್’ (ಸರ್ವಿಸಿನಲ್ಲಿ ಬದಲಿಸಿದ ಡಯಲ್) ಎಂಬ ಎರಡು ಪದ ಕಂಡರೆ ಕೈಯೆತ್ತಿದವರು ಇಳಿಸುತ್ತಾರೆ. ಆ ಡಯಲ್ಲನ್ನು ಮಾಡಿದ್ದು ಅದೇ ಕಂಪನಿ, ಹಾಕಿದ್ದೂ ಅದೇ ಕಂಪನಿ. ಆದರೂ ಇಳಿಸುತ್ತಾರೆ.

ಕಂಪನಿಗಳಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು! 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 1957ರದ್ದೆಂದು ಹೇಳಲಾದ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಸ್ವಿಸ್ ಫ್ರಾಂಕಿಗೂ ಮಿಕ್ಕಿ ಹೋಯಿತು. ಅದರ ಕಪ್ಪು ಡಯಲ್ ಬಿಸಿಲಿಗೆ ಬೆಂದಂತೆ ಕಂದಾಗಿತ್ತು, ಜನ ಮುಗಿಬಿದ್ದದ್ದು ಆ ಕಂದಿಗೇ. ಕೊಂಡವರು ಯಾರು? ಒಮೆಗಾ ಕಂಪನಿಯೇ, ತನ್ನ ವಸ್ತುಸಂಗ್ರಹಾಲಯಕ್ಕಾಗಿ. ಅಂದರೆ ಬಣ್ಣಗೆಟ್ಟ ಡಯಲ್ಲಿಗೆ ಕೋಟಿಗಟ್ಟಲೆ ಸುರಿಯಲು ಗಡಿಯಾರ ತಯಾರಕರೇ ಸಿದ್ಧ. (ಗೆಳೆಯನ ಗಡಿಯಾರ ಆ ಕಂಪನಿಯದ್ದಲ್ಲ, ಊಹೆ ಬೇಡ.) ಕಥೆಯ ಬಾಲವೂ ಕೇಳುವಂಥದ್ದು. ಆ ಗಡಿಯಾರ ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿ ಕಟ್ಟಿದ್ದು, ತನ್ನದೇ ಮಾಜಿ ನೌಕರರ ಕೈವಾಡ ಇದರಲ್ಲಿದೆ ಎಂದು 2023ರಲ್ಲಿ ಕಂಪನಿಯೇ ಹೇಳಿತು. ಹಳೆಯದನ್ನು ಹಳೆಯದರಂತೆ ಕಾಣಿಸಲು ಕಳ್ಳರು ಇಷ್ಟು ಕಷ್ಟಪಡುತ್ತಿರುವ ಕಾಲದಲ್ಲಿ, ಉಡುಪಿಯಿಂದ ತಾನಾಗಿಯೇ ಬಂದ ಅಪ್ಪಟ ಹಳೆಯದನ್ನು ಸರ್ವಿಸ್ ಮೇಜಿನವರು ತೆಗೆದು ಒಳಗಿಟ್ಟುಕೊಂಡಿದ್ದಾರೆ.

ಅವರ ಕಡೆಯ ವಾದವೂ ಇದೆ. ಹಳೆಯ ಹೊಳಪು ಬಣ್ಣ ಪುಡಿಯಾಗಿ ಯಂತ್ರದೊಳಗೆ ಉದುರುತ್ತದೆ. ನೀರು ನುಗ್ಗಿದರೆ ಹೊಣೆ ಯಾರದ್ದು. ಗ್ಯಾರಂಟಿ ಕೊಡಬೇಕೆಂದರೆ ಎಲ್ಲ ಭಾಗವೂ ಸರಿಯಿರಬೇಕು. ಉದುರುವುದು ನಿಜ. ಹಾಗಿದ್ದರೆ ಮುಳ್ಳಿನ ಹಿಂಬದಿಯಿಂದ ಅಂಟು ಸವರಿ ಹಿಡಿದಿಡುವ ಕೆಲಸ ಬಲ್ಲವರಿದ್ದಾರೆ, ಮಾಡಿಸಿ. ಇನ್ನು ನೀರಿನ ಮಾತು. ಗೆಳೆಯನಿಗೆ ಅರವತ್ತು ದಾಟಿದೆ, ಆ ಗಡಿಯಾರ ಕಟ್ಟಿಕೊಂಡು ಮಲ್ಪೆಯ ಕಡಲಿಗೆ ಧುಮುಕುವುದಿಲ್ಲ. ಗ್ಯಾರಂಟಿ ಬೇಡ ಎಂದು ಸಹಿ ಹಾಕಿಸಿಕೊಳ್ಳಿ. ಒಂದು ಫೋನು ಮಾಡಿ ಕೇಳಲು ಏನು ಧಾಡಿ?

“ಗಡಿಯಾರ ಇರುವುದು ಕಟ್ಟಿಕೊಳ್ಳಲು, ಬೆಲೆಯ ಮಾತೆಲ್ಲ ವ್ಯಾಪಾರಿಗಳದ್ದು” ಎಂದು ಉಪದೇಶ ಮಾಡುವವರು ಈಗಾಗಲೇ ಬೆರಳು ಸವರಿಕೊಳ್ಳುತ್ತಿರುತ್ತೀರಿ. ಸರಿ, ಬೆಲೆ ಬಿಡಿ. (ನಾನು ಬಿಡುವುದಿಲ್ಲ. ಹರಾಜಿನ ಬೆಲೆ ನೋಡದೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ, ಮನೆಯವಳಿಗೆ ಹೇಳಬೇಡಿ.) ಆ ಹಿರಿಯರು ಪಿಂಚಣಿಗೆ ಸಾಲಿನಲ್ಲಿ ನಿಂತಾಗ, ಬಸ್ಸಿಗೆ ಕಾದಾಗ, ಮಗನ ಫಲಿತಾಂಶದ ದಿನ, ದಿಟ್ಟಿಸಿದ್ದು ಆ ಡಯಲ್ಲನ್ನು. ಒಳಗಿನ ಹಲ್ಲುಚಕ್ರವನ್ನು ಅವರು ಜೀವಮಾನದಲ್ಲಿ ಕಂಡವರಲ್ಲ. ಕಾರ್ಖಾನೆಯವರು ಅವರು ಕಾಣದ್ದನ್ನೆಲ್ಲ ಉಳಿಸಿ, ಕಂಡದ್ದನ್ನೆಲ್ಲ ಬದಲಿಸಿದ್ದಾರೆ.

ಈ ವಿಷಯದಲ್ಲಿ ನಮ್ಮ ಎಚ್‌ಎಂಟಿಯ ಪಾಡು ಬೇರೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಬೆಂಗಳೂರಿನಲ್ಲಿ ಶುರುವಾದ ಗಡಿಯಾರ ಕಾರ್ಖಾನೆಯದು. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ ಕಾರ್ಖಾನೆ ಇದೆಯೆಂಬುದೇ ಕಂಟಕ, ಇಲ್ಲಿ ಇಲ್ಲವೆಂಬುದೇ ಕಂಟಕ. ಜನತಾ, ಪೈಲಟ್ ಎಂಬ ಎಚ್‌ಎಂಟಿ ಮಾದರಿಗಳ ಹಳೆಯ ಡಯಲ್ ಕೆರೆದು, ಎಚ್‌ಎಂಟಿ ಕನಸಿನಲ್ಲೂ ಕಾಣದ ಬಣ್ಣ ಬಳಿದು, ಮತ್ತೆ ಅಕ್ಷರ ಒತ್ತಿ ಮಾರುವುದು ದೊಡ್ಡ ದಂಧೆ. ಹೊರದೇಶದವರು ಇಂಥವನ್ನು ‘ಮುಂಬೈ ಸ್ಪೆಷಲ್’ ಎಂದು ಗೇಲಿ ಮಾಡುತ್ತಾರೆ, ಗೇಲಿ ಮಾಡುತ್ತಲೇ ಕೊಳ್ಳುತ್ತಾರೆ. ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಕೊಂಡ ಕಿತ್ತಳೆ ಡಯಲ್ಲಿನ ಪೈಲಟ್ ಒಂದು ನನ್ನ ಹತ್ತಿರವೂ ಇದೆ. ‘17 ಜ್ಯುವೆಲ್ಸ್’ (ಯಂತ್ರದೊಳಗಿನ ಹರಳುಗಳ ಲೆಕ್ಕ) ಎಂಬ ಸಾಲು ಬಲಕ್ಕೆ ವಾಲಿದೆ, ಐದರ ಹೊಟ್ಟೆಯಲ್ಲಿ ಶಾಯಿ ಕಟ್ಟಿದೆ. ಬಣ್ಣ ಬಳಿದದ್ದೆಂದು ಗೊತ್ತಿದ್ದೇ ಕೊಂಡೆ, ಹಾಕಿಕೊಂಡು ಮದುವೆಗೂ ಹೋಗುತ್ತೇನೆ. ಇಬ್ಬಂದಿತನ ಎನ್ನುವಿರಾ, ಅನ್ನಿ. ಸಂತೆಯವನು ಅದಕ್ಕೆ ಅಧಿಕೃತ ಪ್ರಮಾಣಪತ್ರ ಕೊಟ್ಟಿರಲಿಲ್ಲ, ಮಖಮಲ್ಲಿನ ಪೆಟ್ಟಿಗೆಯನ್ನೂ ಕೊಟ್ಟಿರಲಿಲ್ಲ. ಚೌಕಾಸಿ ಮಾಡಿದಾಗ ನಕ್ಕ, ಅಷ್ಟೇ.

ಗೆಳೆಯನ ಕೈಯಿಂದ ಕಂಪನಿಗೆ ಇಮೇಲ್ ಬರೆಸಿದ್ದೇನೆ, ಹಳೆಯ ಡಯಲ್ಲು ಮತ್ತು ಮುಳ್ಳು ವಾಪಸು ಕೊಡಿ ಎಂದು. ‘ನಿಮ್ಮ ಪತ್ರ ನಮಗೆ ಮುಖ್ಯ’ ಎಂಬ ಯಂತ್ರದ ಉತ್ತರ ಬಂದಿದೆ.

ನಿಮ್ಮಲ್ಲಿ ಯಾರಾದರೂ ಅಜ್ಜನ, ಅಪ್ಪನ ಗಡಿಯಾರವನ್ನು ಕಂಪನಿಗೆ ಕಳಿಸುವವರಿದ್ದರೆ, ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಅರ್ಜಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ: ಪಾಲಿಷ್ ಬೇಡ, ಡಯಲ್ಲು ಮುಳ್ಳು ಮುಟ್ಟಬೇಡಿ, ಬದಲಿಸಿದ ಪ್ರತಿ ಭಾಗವೂ ವಾಪಸು ಬೇಕು. ಒಪ್ಪದಿದ್ದರೆ ಗಡಿಯಾರವನ್ನು ಜೇಬಿಗಿಳಿಸಿ ಎದ್ದು ಬನ್ನಿ, ಅವೆನ್ಯೂ ರಸ್ತೆಯ ಸಂದಿಗಳಲ್ಲಿ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂತ ಹಳಬರು ಇನ್ನೂ ಇದ್ದಾರೆ. ಕಪಾಟಿನಲ್ಲಿ ಹಳೆಯ ಜನತಾ ಸಿಕ್ಕಿತೆಂದು ಸಂಭ್ರಮದಲ್ಲಿ ಬ್ರಾಸೊ ಹಚ್ಚಿ ತಿಕ್ಕಬೇಡಿ. ಎಷ್ಟೋ ಎಚ್‌ಎಂಟಿಗಳ ಕೇಸು ಹಿತ್ತಾಳೆಯ ಮೇಲಿನ ತೆಳು ಕ್ರೋಮ್ ಲೇಪ. ಒಣ ಬಟ್ಟೆ ಸಾಕು. ಈಗಾಗಲೇ ತಿಕ್ಕಿದವರು ಫೋಟೊ ಹಾಕಿ ನನ್ನನ್ನು ಟ್ಯಾಗ್ ಮಾಡಬೇಡಿ, ಇವತ್ತಿನ ಮಟ್ಟಿಗೆ ಇಷ್ಟು ಸಂಕಟ ಸಾಕು.